ಮೂರನೆಯ ಗೋವಿಂದನ ಎರಡು ಕ್ಷಮೆಗಳು

ದಶಲಕ್ಷಣ ಪರ್ವದಲ್ಲಿ ಆರಾಧಿಸುವ ಹತ್ತು ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ಪರ್ವ ಮುಗಿದು ಕ್ಷಮಾವಣಿಯ ದಿನ ಬಂತೆಂದರೆ, ಅಣ್ಣಿಗೇರಿಯ ಬಸದಿಯಿಂದ ಹಿಡಿದು ನವಲಗುಂದ, ಕುಂದಗೋಳ, ಕಲಘಟಗಿ ಸೀಮೆಯ ಶ್ರಾವಕರ ಮನೆಗಳವರೆಗೆ ಹಿರಿಯರು ಕಿರಿಯರೆನ್ನದೆ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಆದ ತಪ್ಪನ್ನು ಮನ್ನಿಸಬೇಕೆಂದು ಬೇಡಿಕೊಳ್ಳುತ್ತಾರೆ. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಮತ್ತೆ ಮಾತಾಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಮನೆಯ ಒಳಗಿನ ಈ ಕ್ಷಮೆ ನಮಗೆ ಪರಿಚಿತವಾದುದು.

ಆದರೆ ತಪ್ಪು ಮಾಡಿದವನು ನೆರೆಯವನಲ್ಲ, ನಾಡಿನ ಅಧಿಕಾರಿ ಎಂದಾದರೆ? ಪ್ರಜೆಗಳ ರಕ್ಷಣೆಗೆಂದು ಕೊಟ್ಟ ಅಧಿಕಾರವನ್ನೇ ಅವನು ದ್ರೋಹಕ್ಕೆ ಬಳಸಿ, ಅದು ಸಾಬೀತಾಗಿ, ದಂಡನೆಗೂ ಗುರಿಯಾಗಿದ್ದರೆ? ಅವನನ್ನು ಬಿಡುಗಡೆ ಮಾಡುವುದು ನಾಯಕನಿಗೆ ಧರ್ಮವೇ, ಅಥವಾ ದೌರ್ಬಲ್ಯವೇ? ನಮ್ಮ ಸಂವಿಧಾನವು 72ನೆಯ ವಿಧಿಯಲ್ಲಿ ರಾಷ್ಟ್ರಪತಿಗೂ 161ನೆಯ ವಿಧಿಯಲ್ಲಿ ರಾಜ್ಯಪಾಲರಿಗೂ ಕ್ಷಮಾದಾನದ ಅಧಿಕಾರವನ್ನು ಕೊಟ್ಟಿದೆ. ಅಧಿಕಾರವಿದೆ ಎಂಬುದು ಒಂದು ಮಾತು. ಅದನ್ನು ಯಾವಾಗ, ಯಾರ ಮೇಲೆ, ಯಾವ ಮನಸ್ಸಿನಿಂದ ಬಳಸಬೇಕೆಂಬುದು ಇನ್ನೊಂದು ಮಾತು. ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವವರು ಸಾವಿರದ ಇನ್ನೂರು ವರ್ಷಗಳ ಹಿಂದೆ ಈ ನಾಡನ್ನು ಆಳಿದ ಒಬ್ಬ ಅರಸನ ಬದುಕನ್ನು ನೋಡಬಹುದು. ಅವನು ರಾಷ್ಟ್ರಕೂಟ ವಂಶದ ಮೂರನೆಯ ಗೋವಿಂದ. ಅವನು ಇಬ್ಬರನ್ನು ಕ್ಷಮಿಸಿದನು. ಒಂದು ಕ್ಷಮೆ ವಿಫಲವಾಯಿತು, ಇನ್ನೊಂದು ಫಲಿಸಿತು.

ಧಾರವಾಡ ಸೀಮೆಗೆ ರಾಷ್ಟ್ರಕೂಟರು ಹೊರಗಿನವರಲ್ಲ. ನವಲಗುಂದ ಸೀಮೆಯ ಶಿರೂರಿನಲ್ಲಿ ದೊರೆತ ಕ್ರಿ.ಶ. 866ರ ಶಾಸನವು ಗೋವಿಂದನ ಮಗನಾದ ಅಮೋಘವರ್ಷ ನೃಪತುಂಗನ ಆಳ್ವಿಕೆಯದು. ಆ ಕಾಲದಲ್ಲಿ ಬೆಳ್ವೊಲ 300 ಎಂಬ ನಾಡನ್ನು ದೇವಣ್ಣಯ್ಯನೆಂಬ ಅಧಿಕಾರಿ ಅಣ್ಣಿಗೇರಿಯಲ್ಲಿದ್ದುಕೊಂಡು ಆಳುತ್ತಿದ್ದನೆಂದು ಅದರಿಂದ ತಿಳಿಯುತ್ತದೆ. ಹೀಗೆ ಒಬ್ಬೊಬ್ಬ ಅಧಿಕಾರಿಯ ಕೈಗೆ ಒಂದೊಂದು ನಾಡನ್ನು ಒಪ್ಪಿಸಿ, ಅವನ ನಿಷ್ಠೆಯನ್ನು ನಂಬಿ ನಡೆದ ರಾಜ್ಯವದು. ಬಿತ್ತಿದವನ ಬೆಳೆ ಅವನ ಕಣಜ ಸೇರಬೇಕಾದರೆ, ಬಸದಿಗೆ ಬಿಟ್ಟ ಮಾನ್ಯದ ಭೂಮಿ ಬಸದಿಗೇ ಉಳಿಯಬೇಕಾದರೆ, ಆ ಅಧಿಕಾರಿ ನೆಟ್ಟಗಿರಬೇಕಿತ್ತು. ಅವನು ತಿರುಗಿಬಿದ್ದರೆ ಕೆಡುತ್ತಿದ್ದುದು ಅರಸನ ಮಾನವೊಂದೇ ಅಲ್ಲ, ಊರೂರುಗಳ ನೆಮ್ಮದಿ.

ಗೋವಿಂದನ ತಂದೆ ಧ್ರುವ ಧಾರಾವರ್ಷ. ಅವನು ಕ್ರಿ.ಶ. 780ರ ಸುಮಾರಿಗೆ ತನ್ನ ಅಣ್ಣನಾದ ಎರಡನೆಯ ಗೋವಿಂದನನ್ನು ಸೋಲಿಸಿ ಸಿಂಹಾಸನವನ್ನೇರಿದವನು. ಅಣ್ಣತಮ್ಮಂದಿರ ಕಲಹದ ಬೀಜ ಆ ಮನೆಯಲ್ಲಿ ಆಗಲೇ ಬಿದ್ದಿತ್ತು. ಧ್ರುವನು ದಕ್ಷಿಣಕ್ಕೆ ದಂಡೆತ್ತಿ ಹೋಗಿ ಗಂಗರ ಅರಸ ಎರಡನೆಯ ಶಿವಮಾರನನ್ನು ಸೆರೆಹಿಡಿದನು. ಗಂಗವಾಡಿ 96,000ದ ಆಡಳಿತವನ್ನು ತನ್ನ ಮಗ ಸ್ತಂಭನಿಗೆ ವಹಿಸಿದನು. ಕನ್ನಡ ಶಾಸನಗಳಲ್ಲಿ ಕಂಭರಸನೆಂದೂ ರಣಾವಲೋಕನೆಂದೂ ಬರುವವನು ಈತನೇ. ಆದರೆ ಮುಂದಿನ ಪಟ್ಟಕ್ಕೆ ಧ್ರುವನು ಆರಿಸಿದ್ದು ಹಿರಿಯನಾದ ಸ್ತಂಭನನ್ನಲ್ಲ, ಕಿರಿಯನಾದ ಗೋವಿಂದನನ್ನು. ಅವನ ಯೋಗ್ಯತೆಯನ್ನು ಮೆಚ್ಚಿ, ತಾನು ಬದುಕಿರುವಾಗಲೇ ರಾಜ್ಯವನ್ನು ಒಪ್ಪಿಸಲು ಮುಂದಾದನೆಂದೂ, ಗೋವಿಂದನು ವಿನಯದಿಂದ ಅದನ್ನು ಒಲ್ಲದೆ ಯುವರಾಜನ ಕಂಠಿಕೆಯಷ್ಟೇ ತನಗೆ ಸಾಕೆಂದು ಬಿನ್ನವಿಸಿಕೊಂಡನೆಂದೂ ಶಾಸನಗಳು ವರ್ಣಿಸುತ್ತವೆ.

ಕ್ರಿ.ಶ. 793ರ ಹೊತ್ತಿಗೆ ಧ್ರುವನು ತೀರಿಕೊಂಡು ಗೋವಿಂದನು ಪಟ್ಟಕ್ಕೆ ಬಂದನು. ಪ್ರಭೂತವರ್ಷ, ಜಗತ್ತುಂಗ ಎಂಬ ಬಿರುದುಗಳನ್ನು ಧರಿಸಿದ ಆ ಹೊಸ ಅರಸನು ಆಳ್ವಿಕೆಯ ಮೊದಲಲ್ಲೇ ಒಂದು ದಯೆಯ ಕಾರ್ಯ ಮಾಡಿದನು. ತಂದೆಯ ಕಾಲದಿಂದ ಸೆರೆಯಲ್ಲಿ ಕೊಳೆಯುತ್ತಿದ್ದ ಗಂಗ ಶಿವಮಾರನ ಸಂಕಲೆಗಳನ್ನು ಕಳಚಿಸಿ ಅವನನ್ನು ತನ್ನ ನಾಡಿಗೆ ಕಳುಹಿಸಿಕೊಟ್ಟನು. ಶಿವಮಾರನು ಸಾಮಾನ್ಯನಲ್ಲ. ಆನೆಗಳ ಶಾಸ್ತ್ರದಲ್ಲಿ ನುರಿತವನು, ಗಜಾಷ್ಟಕವೆಂಬ ಕೃತಿಯನ್ನು ರಚಿಸಿದವನೆಂದು ಪ್ರಸಿದ್ಧಿ ಪಡೆದವನು, ಶ್ರವಣಬೆಳಗೊಳದಲ್ಲಿ ಬಸದಿಯನ್ನು ಕಟ್ಟಿಸಿದವನು. ಅಂಥವನನ್ನು ಬಿಟ್ಟುಕೊಡುವುದು ಸೌಜನ್ಯವೂ ಆಗಿತ್ತು, ನಂಬಿಕೆಯೂ ಆಗಿತ್ತು.

ಆ ನಂಬಿಕೆ ಸುಳ್ಳಾಯಿತು. ಹಿರಿಯನಾದ ತನ್ನನ್ನು ಬಿಟ್ಟು ತಮ್ಮನಿಗೆ ಪಟ್ಟವಾಯಿತೆಂಬ ಉರಿ ಸ್ತಂಭನ ಎದೆಯಲ್ಲಿತ್ತು. ಅವನು ಹನ್ನೆರಡು ಅರಸರನ್ನು ಕೂಡಿಸಿಕೊಂಡು ತಮ್ಮನ ಮೇಲೆ ಕತ್ತಿ ಹಿರಿದನು. ಬಿಡುಗಡೆ ಹೊಂದಿದ್ದ ಶಿವಮಾರನೂ ಗೋವಿಂದನಿಗೆ ಎದುರಾಗಿ ನಿಂತನು. ಒಬ್ಬನು ಗಂಗವಾಡಿಯಂಥ ದೊಡ್ಡ ನಾಡನ್ನು ಆಳಲು ನೇಮಕಗೊಂಡಿದ್ದ ಅಧಿಕಾರಿ. ಇನ್ನೊಬ್ಬನು ಕ್ಷಮೆಯ ಋಣವನ್ನು ಹೊತ್ತವನು. ಗೋವಿಂದನು ಒಕ್ಕೂಟದ ಹನ್ನೆರಡು ಅರಸರನ್ನೂ ಮುರಿದನು. ಶಿವಮಾರನು ಮರಳಿ ಸಂಕಲೆಗೆ ಬಿದ್ದನು. ಸ್ತಂಭನು ಸೋತು ತಮ್ಮನ ಮುಂದೆ ನಿಂತನು.

ಅಂದಿನ ರಾಜನೀತಿಯ ಪ್ರಕಾರ ಮುಂದಿನ ದಾರಿ ಎಲ್ಲರಿಗೂ ತಿಳಿದದ್ದೇ. ಸ್ವಾಮಿದ್ರೋಹ ಮಾಡಿದ ಅಧಿಕಾರಿಗೆ ಮರಣವೋ ಕಾರಾಗೃಹವೋ ಕಾದಿರುತ್ತಿತ್ತು. ಒಮ್ಮೆ ದಯೆ ತೋರಿ ಮೋಸಹೋದ ಅರಸನಿಗೆ ಎರಡನೆಯ ಬಾರಿ ಕಠಿಣನಾಗಲು ಕಾರಣವೂ ಇತ್ತು. ಆದರೆ ಗೋವಿಂದನು ಅಣ್ಣನನ್ನು ಕೊಲ್ಲಿಸಲಿಲ್ಲ, ಸೆರೆಗೂ ತಳ್ಳಲಿಲ್ಲ. ಅವನನ್ನು ಕ್ಷಮಿಸಿದನು, ಅಷ್ಟೇ ಅಲ್ಲದೆ, ಯಾವ ಗಂಗವಾಡಿಯ ಬಲದಿಂದ ಅವನು ದಂಗೆಯೆದ್ದನೋ ಅದೇ ಗಂಗವಾಡಿಯ ಆಡಳಿತಕ್ಕೆ ಮರಳಿ ನೇಮಿಸಿದನು. ಇದು ಕಥೆಯ ಮಾತಲ್ಲ. ಸ್ತಂಭನೇ ಹೊರಡಿಸಿದ ದಾನಶಾಸನಗಳು ಇದಕ್ಕೆ ಸಾಕ್ಷಿ.

ಕ್ರಿ.ಶ. 802ರ ಮಣ್ಣೆಯ ತಾಮ್ರಪಟಗಳಲ್ಲಿ ಅವನು ತಮ್ಮನಾದ ಪ್ರಭೂತವರ್ಷನ ಅಧೀನನಾಗಿ ಕಾಣಿಸಿಕೊಂಡು, ಮಾನ್ಯಪುರದಲ್ಲಿ ಗಂಗರ ದಂಡನಾಯಕ ಶ್ರೀವಿಜಯನು ಕಟ್ಟಿಸಿದ್ದ ಜಿನಾಲಯಕ್ಕೆ ದಾನ ಕೊಡುತ್ತಾನೆ. ಆ ಪಟಗಳಲ್ಲಿ ಅವನಿಗೆ ಶೌಚಕಂಭನೆಂಬ ಹೆಸರಿದೆ. ಕ್ರಿ.ಶ. 807ರಲ್ಲಿ ತಲವನಪುರದಲ್ಲಿದ್ದಾಗ, ಅಂದರೆ ಇಂದಿನ ತಲಕಾಡಿನಲ್ಲಿ, ಮಗ ಶಂಕರಗಣನ ಬಿನ್ನಹದಂತೆ ಬದನಗುಪ್ಪೆಯೆಂಬ ಊರನ್ನು ಅಲ್ಲಿಯ ಬಸದಿಗಾಗಿ ವರ್ಧಮಾನ ಗುರುಗಳಿಗೆ ಒಪ್ಪಿಸುತ್ತಾನೆ. ಚಾಮರಾಜನಗರದ ಬಳಿ ಬದನಗುಪ್ಪೆ ಇಂದಿಗೂ ಅದೇ ಹೆಸರಿನಿಂದಿದೆ. ಶ್ರವಣಬೆಳಗೊಳದ ಹಳೆಯ ಶಾಸನವೊಂದರಲ್ಲಿಯೂ ರಣಾವಲೋಕ ಕಂಬಯ್ಯನ ಹೆಸರಿದೆ. ಒಂದು ಕಾಲಕ್ಕೆ ಹನ್ನೆರಡು ಅರಸರ ದಂಡನ್ನು ಕೂಡಿಸಿದ ಕೈ ಈಗ ಮುನಿಗಳ ಕೈಗೆ ದಾನದ ನೀರೆರೆಯುವ ಕೈಯಾಯಿತು. ಅವನು ಮತ್ತೆ ದಂಗೆಯೆದ್ದ ಸುದ್ದಿ ಯಾವ ಶಾಸನದಲ್ಲಿಯೂ ಇಲ್ಲ.

ಆ ಕ್ಷಮೆಯ ಫಲವನ್ನು ಗೋವಿಂದನೂ ಉಂಡನು. ದಕ್ಷಿಣದ ಹೆಬ್ಬಾಗಿಲಾದ ಗಂಗವಾಡಿಯನ್ನು ಅಣ್ಣನ ಕೈಯಲ್ಲಿಟ್ಟು ಅವನು ಉತ್ತರಕ್ಕೆ ನಡೆದನು. ಪ್ರತೀಹಾರ ನಾಗಭಟನನ್ನು ಸೋಲಿಸಿದನು. ಬಂಗಾಲದ ಧರ್ಮಪಾಲನೂ ಕನೌಜಿನ ಚಕ್ರಾಯುಧನೂ ತಾವಾಗಿಯೇ ಬಂದು ಅವನಿಗೆ ತಲೆಬಾಗಿದರೆಂದು ಸಂಜಾನದ ತಾಮ್ರಪಟಗಳು ಹೇಳುತ್ತವೆ. ಮರಳಿ ಬರುವಾಗ ಮಳೆಗಾಲವನ್ನು ಶ್ರೀಭವನದಲ್ಲಿ ಕಳೆದನು. ಮುಂದೆ ನೃಪತುಂಗನೆಂದು ಹೆಸರಾದ ಮಗ ಹುಟ್ಟಿದ್ದು ಅಲ್ಲಿಯೇ. ಆಮೇಲೆ ಕಾಂಚಿಯ ಪಲ್ಲವರೂ ಕಪ್ಪ ಕೊಟ್ಟರು, ವೆಂಗಿಯ ಅರಸನೂ ಆಜ್ಞೆಗೆ ಒಳಗಾದನು. ಮನೆಯೊಳಗಿನ ವೈರವು ಶಮನವಾಗದಿದ್ದರೆ ಇಷ್ಟು ದೂರದ ದಂಡಯಾತ್ರೆಗಳಿಗೆ ಅವನಿಗೆ ನೆಮ್ಮದಿ ಎಲ್ಲಿರುತ್ತಿತ್ತು?

ಗೋವಿಂದನು ಶ್ರಾವಕ ವ್ರತಗಳನ್ನು ಹಿಡಿದವನೆಂದು ಹೇಳಲಾಗದು. ಅವನ ಧ್ವಜದಲ್ಲಿ ಗರುಡನಿದ್ದನು, ಶೈವ ವೈಷ್ಣವ ದೇಗುಲಗಳಿಗೂ ವಿಪ್ರರಿಗೂ ಅವನು ಉದಾರವಾಗಿ ದಾನವಿತ್ತನು. ಆದರೂ ಜಿನಧರ್ಮದ ವಿಷಯದಲ್ಲಿ ಅವನದು ತೆರೆದ ಮನಸ್ಸು. ಗಂಗಮಂಡಲದ ಚಾಕಿರಾಜನ ಬಿನ್ನಹದ ಮೇರೆಗೆ ಶಿಲಾಗ್ರಾಮದ ಜಿನಮಂದಿರಕ್ಕಾಗಿ ಯಾಪನೀಯ ಸಂಘದ ಅರ್ಕಕೀರ್ತಿ ಮುನಿಗಳಿಗೆ ಜಾಲಮಂಗಲವೆಂಬ ಗ್ರಾಮವನ್ನು ಅವನು ಕೊಟ್ಟ ವಿಷಯ ಕಡಬದ ತಾಮ್ರಪಟಗಳಲ್ಲಿದೆ. ಅವನ ಬದುಕನ್ನು ಜೈನ ದೃಷ್ಟಿಯಿಂದ ನೋಡುವುದಕ್ಕೆ ನಮಗೆ ಇಷ್ಟು ಸಾಕು.

ಈಗ ಮೊದಲ ಪ್ರಶ್ನೆಗೆ ಬರೋಣ. ಒಬ್ಬನೇ ಅರಸ, ಒಂದೇ ದಯೆ; ಶಿವಮಾರನಲ್ಲಿ ಅದು ಏಕೆ ಹುಸಿಹೋಯಿತು, ಕಂಭರಸನಲ್ಲಿ ಏಕೆ ನೆಲೆನಿಂತಿತು? ಶಿವಮಾರನು ಮತ್ತೆ ಎದುರುಬಿದ್ದುದಕ್ಕೆ ರಾಷ್ಟ್ರಕೂಟರ ಶಾಸನಗಳು ಹೇಳುವ ಕಾರಣ ಒಂದೇ, ಅತಿಯಾದ ಗರ್ವ. ಅದು ಗೆದ್ದವರ ಮಾತೆಂಬುದನ್ನು ಮರೆಯಬಾರದು. ಕಳೆದುಕೊಂಡ ತನ್ನ ನಾಡನ್ನು ಮರಳಿ ಬಯಸಿದವನಿಗೆ ಅವನದೇ ಆದ ನ್ಯಾಯವೂ ಇದ್ದಿರಬಹುದು. ಆದರೂ ಆ ಕಾರಣವನ್ನು ಆಗಮದ ಬೆಳಕಿನಲ್ಲಿ ನೋಡಿದರೆ ಒಂದು ತತ್ತ್ವ ಹೊಳೆಯುತ್ತದೆ. ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು ಕಷಾಯಗಳಲ್ಲಿ ಮಾನವೆಂಬುದು ಈ ಗರ್ವವೇ. ಸಂಕಲೆ ಕೈಕಾಲುಗಳಿಂದ ಕಳಚಿತ್ತು. ಮಾನಕಷಾಯ ಎದೆಯಿಂದ ಕಳಚಿರಲಿಲ್ಲ. ಸೆರೆಯಿಂದ ಬಿಡುಗಡೆಯನ್ನು ಅರಸನು ಕೊಡಬಲ್ಲನು. ಕಷಾಯದಿಂದ ಬಿಡುಗಡೆಯನ್ನು ಅವರವರೇ ಗಳಿಸಿಕೊಳ್ಳಬೇಕು.

ದಶಧರ್ಮಗಳ ಕ್ರಮವನ್ನು ನೆನೆಯಿರಿ. ಉತ್ತಮ ಕ್ಷಮೆಯ ಬೆನ್ನಿಗೇ ಬರುವುದು ಉತ್ತಮ ಮಾರ್ದವ, ಎಂದರೆ ಅಹಂಕಾರ ಕರಗಿದ ಮೆದುತನ. ಕ್ಷಮೆ ಕೊಡುವವನ ಧರ್ಮವಾದರೆ ಮಾರ್ದವ ಪಡೆಯುವವನ ಧರ್ಮ. ಕೊಟ್ಟ ಕ್ಷಮೆ ಮೆದುವಾದ ನೆಲದ ಮೇಲೆ ಬಿದ್ದರೆ ಮೊಳೆಯುತ್ತದೆ, ಬಂಡೆಯ ಮೇಲೆ ಬಿದ್ದರೆ ಒಣಗುತ್ತದೆ. ಎರೆಭೂಮಿಯ ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಆರಿದ ನೆಲಕ್ಕೆ ಎಷ್ಟು ಒಳ್ಳೆಯ ಬೀಜ ಹಾಕಿದರೂ ಬೆಳೆ ಏಳದು. ಕಂಭರಸನು ತಮ್ಮನ ಅಧೀನತೆಯನ್ನು ತಾಮ್ರಪಟದಲ್ಲಿ ಬರೆಯಿಸಿದನು. ಪಟ್ಟಕ್ಕಾಗಿ ಕತ್ತಿ ಹಿರಿದ ಅಣ್ಣನಿಗೆ ಅದು ಸುಲಭದ ಕೆಲಸವಾಗಿರಲಿಕ್ಕಿಲ್ಲ. ಅವನಲ್ಲಿ ಮಾರ್ದವ ಹುಟ್ಟಿತ್ತೆಂಬುದಕ್ಕೆ ಅದಕ್ಕಿಂತ ಬೇರೆ ಗುರುತು ಬೇಕಿಲ್ಲ.

ಜೈನ ಸಂಘವು ತನ್ನೊಳಗಿನ ತಪ್ಪಿತಸ್ಥರನ್ನು ಹೇಗೆ ನಡೆಸಿಕೊಳ್ಳುತ್ತದೆಂಬುದೂ ಇಲ್ಲಿ ಗಮನಿಸತಕ್ಕದ್ದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ ಒಂಬತ್ತು ಬಗೆಗಳನ್ನು ಹೇಳಿದೆ. ಮೊದಲನೆಯದು ಆಲೋಚನೆ, ಅಂದರೆ ಮಾಡಿದ ದೋಷವನ್ನು ಏನೂ ಬಚ್ಚಿಡದೆ ಗುರುವಿನ ಮುಂದೆ ಒಪ್ಪಿಕೊಳ್ಳುವುದು. ಕೊನೆಯ ಮೂರು ಛೇದ, ಪರಿಹಾರ, ಉಪಸ್ಥಾಪನೆ. ಛೇದವೆಂದರೆ ದೀಕ್ಷೆಯ ಕಾಲದಲ್ಲಿ ಒಂದಿಷ್ಟನ್ನು ಕಡಿತಗೊಳಿಸಿ ಹಿರಿತನವನ್ನು ಇಳಿಸುವುದು. ಪರಿಹಾರವೆಂದರೆ ಗೊತ್ತುಮಾಡಿದ ಕಾಲದವರೆಗೆ ಸಂಘದಿಂದ ದೂರವಿಡುವುದು. ಉಪಸ್ಥಾಪನೆಯೆಂದರೆ ಮೊದಲಿನಿಂದ ದೀಕ್ಷೆಯಿತ್ತು ಮರಳಿ ನೆಲೆಗೊಳಿಸುವುದು. ದೊಡ್ಡ ಪದವಿಯಲ್ಲಿದ್ದು ಎಡವಿದವರಿಗೂ ಬಾಗಿಲು ಶಾಶ್ವತವಾಗಿ ಮುಚ್ಚಿಲ್ಲ. ಆದರೆ ಆ ಬಾಗಿಲಿಗೆ ಹೋಗುವ ದಾರಿ ಒಪ್ಪಿಗೆಯಿಂದಲೇ ಆರಂಭವಾಗುತ್ತದೆ. ತಪ್ಪೇ ಆಗಿಲ್ಲವೆಂದು ಸಾಧಿಸುವವನಿಗೆ ಪ್ರಾಯಶ್ಚಿತ್ತವಿಲ್ಲ. ಶಿಕ್ಷೆಗೊಳಗಾದ ಅಧಿಕಾರಿಯ ಬಿಡುಗಡೆಯನ್ನು ಯೋಚಿಸುವ ನಾಯಕನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಇವನು ತಪ್ಪನ್ನು ಒಪ್ಪಿದ್ದಾನೆಯೇ?

ಎರಡನೆಯ ಪ್ರಶ್ನೆಯೂ ಒಂದಿದೆ. ಗಾಯವಾದದ್ದು ಯಾರಿಗೆ? ಗೋವಿಂದನು ಕ್ಷಮಿಸಿದ್ದು ತನ್ನ ವಿರುದ್ಧ ನಡೆದ ದ್ರೋಹವನ್ನು. ಕತ್ತಿ ಎದ್ದದ್ದು ಅವನ ಸಿಂಹಾಸನದ ಮೇಲೆ. ಆ ಮಟ್ಟಿಗೆ ಮನ್ನಿಸುವ ಹಕ್ಕು ಅವನದೇ. ಅಧಿಕಾರಿಯೊಬ್ಬನು ಬಡವನ ಹೊಲವನ್ನೋ ವಿಧವೆಯ ಪರಿಹಾರದ ಹಣವನ್ನೋ ನುಂಗಿದ್ದರೆ ಕ್ಷಮಿಸುವ ಮೊದಲ ಹಕ್ಕು ಆ ಬಡವನದು, ಆ ವಿಧವೆಯದು. ಅವರ ಪರವಾಗಿ ನಾಯಕನು ಉದಾರಿಯಾಗುವುದು ಬೇರೆಯವರ ಕಣಜದಿಂದ ದಾನ ಮಾಡಿದಂತೆ.

ನಮ್ಮ ಪುರಾಣಗಳಲ್ಲಿ ಬರುವ ಶ್ರೀಭೂತಿಯ ಕಥೆ ಇದನ್ನೇ ಸಾರುತ್ತದೆ. ಸಿಂಹಪುರದ ಅರಸ ಸಿಂಹಸೇನನ ಬಳಿ ದೊಡ್ಡ ಪದವಿಯಲ್ಲಿದ್ದ ಶ್ರೀಭೂತಿ ಸತ್ಯಘೋಷನೆಂದೇ ಹೆಸರಾಗಿದ್ದವನು. ನಂಬಿ ಇಟ್ಟ ರತ್ನಗಳನ್ನು ವ್ಯಾಪಾರಿಯೊಬ್ಬನಿಗೆ ಮರಳಿ ಕೊಡದೆ ಅವನನ್ನು ಹುಚ್ಚನೆಂದು ಸಾರಿಸಿದನು. ರಾಣಿ ರಾಮದತ್ತೆ ಜಾಣ್ಮೆಯಿಂದ ಮೋಸವನ್ನು ಬಯಲಿಗೆಳೆದಳು. ರತ್ನಗಳು ಮೊದಲು ಯಾರದ್ದೋ ಅವರ ಕೈ ಸೇರಿದವು. ಅಧಿಕಾರಿಗೆ ದಂಡನೆ ಆಮೇಲೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪಶ್ಚಾತ್ತಾಪವಿಲ್ಲದೆ ದ್ವೇಷದಲ್ಲಿ ಸತ್ತ ಶ್ರೀಭೂತಿ ಅರಸನ ಭಂಡಾರದಲ್ಲಿಯೇ ಹಾವಾಗಿ ಹುಟ್ಟಿ ಅರಸನನ್ನು ಕಚ್ಚಿದನು. ದಂಡನೆ ನ್ಯಾಯವಾದದ್ದೇ ಆಗಿತ್ತು. ಆದರೂ ವೈರ ಅಳಿಯಲಿಲ್ಲ. ಮಾರ್ದವವಿಲ್ಲದವನಿಗೆ ಕೊಟ್ಟ ಕ್ಷಮೆ ಶಿವಮಾರನಂತೆ ಮರಳಿ ಕತ್ತಿಯಾಗುತ್ತದೆ. ಪಶ್ಚಾತ್ತಾಪ ಹುಟ್ಟಿಸದ ದಂಡನೆ ಶ್ರೀಭೂತಿಯಂತೆ ಹಾವಾಗುತ್ತದೆ. ಎರಡರ ನಡುವೆ ನಾಯಕನು ತನ್ನ ವಿವೇಕದಿಂದ ದಾರಿ ಹುಡುಕಬೇಕು.

ಇನ್ನೊಂದು ಸೂಕ್ಷ್ಮವನ್ನು ಬಿಡುವಂತಿಲ್ಲ. ಗೋವಿಂದನು ಅಣ್ಣನನ್ನು ಕ್ಷಮಿಸಿದ್ದು ಯುದ್ಧ ಮುಗಿದ ಮೇಲೆ, ತಪ್ಪು ಯಾರದೆಂಬುದು ಲೋಕಕ್ಕೆ ಗೊತ್ತಾದ ಮೇಲೆ. ಹೆದರಿಕೆಯಿಂದಲ್ಲ, ಲಾಭದ ಲೆಕ್ಕ ಮುಚ್ಚಿಡಲೂ ಅಲ್ಲ. ತನ್ನ ಪಕ್ಷದವನೆಂದೋ, ನಾಳೆ ತನ್ನ ಗುಟ್ಟನ್ನು ಹೊರಗೆಡಹಿಯಾನೆಂದೋ ಕೊಡುವ ಬಿಡುಗಡೆ ಹೊರನೋಟಕ್ಕೆ ಕ್ಷಮೆಯಂತೆ ಕಂಡರೂ ಒಳಗೆ ಮಾಯೆ ಮತ್ತು ಲೋಭವೇ. ನ್ಯಾಯ ಮೊದಲು ತನ್ನ ಮಾತನ್ನು ಪೂರ್ತಿಯಾಗಿ ಆಡಲಿ. ದಯೆ ಅದರ ಬಾಯಿ ಮುಚ್ಚದೆ, ಅದರ ನಂತರ ಮಾತಾಡಲಿ.

ಕ್ರಿ.ಶ. 814ರಲ್ಲಿ ಗೋವಿಂದನು ತೀರಿಕೊಂಡಾಗ ಮಗ ಅಮೋಘವರ್ಷನು ಇನ್ನೂ ಬಾಲಕ. ಸಾಮಂತರು ದಂಗೆಯೆದ್ದರು, ಸಿಂಹಾಸನ ಅಲುಗಿತು. ಅದನ್ನು ಮರಳಿ ನೆಲೆಗೊಳಿಸಿದವನು ಗೋವಿಂದನ ತಮ್ಮ ಇಂದ್ರನ ಮಗ ಕರ್ಕ. ಒಂದು ತಲೆಮಾರಿನಲ್ಲಿ ಅಣ್ಣತಮ್ಮಂದಿರ ಕಲಹದಿಂದ ಬೆಂದ ಮನೆಯಲ್ಲಿ, ಮುಂದಿನ ತಲೆಮಾರಿನ ದಾಯಾದಿಯೇ ಬಾಲಕನ ರಕ್ಷಕನಾಗಿ ನಿಂತನು. ಗಂಗರೊಡನೆ ತಲೆಮಾರುಗಳಿಂದ ನಡೆದ ಹಗೆಯೂ ಕೊನೆಗೆ ಸೆರೆಮನೆಯಿಂದ ತೀರಲಿಲ್ಲ. ಅಮೋಘವರ್ಷನು ತನ್ನ ಮಗಳು ಚಂದ್ರಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಧಾರೆಯೆರೆದು ಅದನ್ನು ನೆಂಟಸ್ತಿಕೆಯಾಗಿ ಮಾರ್ಪಡಿಸಿದನು. ಜಿನಸೇನಾಚಾರ್ಯರ ಪಾದಗಳಿಗೆ ನಮಿಸಿದ ಆ ಅರಸನು ಕಡೆಗಾಲದಲ್ಲಿ ವಿವೇಕದಿಂದ ರಾಜ್ಯವನ್ನೇ ತೊರೆದನೆಂದು ಪ್ರಶ್ನೋತ್ತರ ರತ್ನಮಾಲೆ ತಿಳಿಸುತ್ತದೆ.

ಹಾಗಾದರೆ ಶಿಕ್ಷೆಗೊಳಗಾದ ಅಧಿಕಾರಿಯನ್ನು ನಾಯಕನು ಕ್ಷಮಿಸಬೇಕೇ? ದ್ವೇಷವನ್ನು ಬಿಡುವ ಒಳಗಿನ ಕ್ಷಮೆಯನ್ನು ಎಂದಿಗೂ, ಯಾರಿಗೂ ತಡೆಹಿಡಿಯಬಾರದು. ಅದು ಕೊಡುವವನ ಆತ್ಮಶುದ್ಧಿಗೇ ಬೇಕಾದದ್ದು. ಸೆರೆಯ ಬಾಗಿಲನ್ನು ತೆರೆಯುವ, ಪದವಿಯನ್ನು ಮರಳಿಸುವ ಹೊರಗಿನ ಕ್ಷಮೆ ಮಾತ್ರ ಮೂರು ಗುರುತುಗಳನ್ನು ಕೇಳುತ್ತದೆ. ಸತ್ಯ ಬಯಲಾಗಿರಬೇಕು, ನೊಂದವರ ಪಾಲು ಅವರಿಗೆ ಸೇರಿರಬೇಕು, ತಪ್ಪಿದವನ ಮಾನ ಕರಗಿರಬೇಕು. ಈ ಮೂರೂ ಇದ್ದಲ್ಲಿ ಕ್ಷಮಿಸದಿರುವುದು ಕಾರ್ಪಣ್ಯ. ಇಲ್ಲದಲ್ಲಿ ಕ್ಷಮಿಸುವುದು ಪ್ರಮಾದ.

ಮುಂದಿನ ಕ್ಷಮಾವಣಿಯಂದು ಬಸದಿಯ ಅಂಗಳದಲ್ಲಿ ಕೈಮುಗಿಯುವಾಗ ನಾವು ಒಂದು ಕ್ಷಣ ಕಂಭರಸನನ್ನು ನೆನೆಯೋಣ. ಕ್ಷಮೆಯನ್ನು ಬೇಡುವುದಷ್ಟೇ ಅಲ್ಲ, ಪಡೆದ ಕ್ಷಮೆಗೆ ತಕ್ಕಂತೆ ಬದುಕುವುದೂ ಧರ್ಮವೇ ಎಂಬುದನ್ನು ಅವನು ದಾನವಿತ್ತ ಬದನಗುಪ್ಪೆ ಇಂದಿಗೂ ನೆನಪಿಸುತ್ತಿದೆ.